ಬಾಯ್ಲರ್ ಕೋಣೆಯ ಅರ್ವೋ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ‘ಪನ್ನುಹುವೊನೆ’ ಯಾವ ದೇವರ ಹೆಸರೂ ಅಲ್ಲ. ಬ್ರೆಜಿಲಿನಿಂದ ಬಂದ ಒಬ್ಬ ಗಡ್ಡದವನು ಅದನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಹಚ್ಚೆ ಹಾಕಿಸಿಕೊಂಡು, ಅದು ನಮ್ಮ ಪೂರ್ವಿಕರ ಕಾಡುದೇವತೆ ಎಂದು ನನಗೇ ಪಾಠ ಹೇಳಿದ. ಪಾಪ, ಅಷ್ಟು ದೂರದಿಂದ ಬಂದವನೆಂದು ತಲೆಯಾಡಿಸಿದೆ. ನಮ್ಮ ಫಿನ್ನಿಷ್ ಭಾಷೆಯಲ್ಲಿ ಆ ಪದಕ್ಕೆ ಬಾಯ್ಲರ್ ಕೋಣೆ ಎಂದಷ್ಟೇ ಅರ್ಥ. ಶಾಲೆಯ ಜವಾನ ಅರ್ವೋ ನಮ್ಮ ಹಾಡುಗಳ ರೀಲಿನ ಡಬ್ಬದ ಮೇಲೆ ಪೆನ್ಸಿಲಿನಲ್ಲಿ ಹಾಗೆ ಬರೆದಿದ್ದ. ಪಕ್ಕದ ಡಬ್ಬದ ಮೇಲೆ ‘ಕ್ರಿಸ್ಮಸ್ ಕಾರ್ಯಕ್ರಮ’ ಎಂದಿತ್ತು, ಎರಡೂ ಅದಲುಬದಲಾಗಬಾರದಲ್ಲ, ಅದಕ್ಕೆ.

ಇನ್ನೊಂದು. ಆ ರೀಲಿನಿಂದ ಹೊಸದಾಗಿ ಬಂದಿರುವ ಪ್ರತಿಯ ನಾಲ್ಕನೆಯ ಹಾಡಿನಲ್ಲಿ ಇಪ್ಪತ್ತು ಸೆಕೆಂಡು ಒಂದು ಕಿರುಗುಟ್ಟುವ ಸದ್ದಿದೆ. ಅದು ಆತ್ಮದ ಅಳು ಎಂದು ಯಾರೋ ಪುಟಗಟ್ಟಲೆ ಬರೆದಿದ್ದಾರೆ. ಅಳುವೂ ಅಲ್ಲ, ಆತ್ಮವೂ ಅಲ್ಲ. ಅದು ಒಂದು ಸೌಟು ನೀರು ಮಾಡಿದ ಕೆಲಸ.

ನಮ್ಮ ತಂಡದ ಹೆಸರು ಸುವೊನ್‌ಸಿಲ್ಮ. ಜೌಗು ನೆಲದ ನಡುವೆ ಕಣ್ಣಿನಂತೆ ತೆರೆದಿರುವ ನೀರಿನ ಗುಂಡಿಗೆ ನಾವು ಹಾಗೆನ್ನುತ್ತೇವೆ. ನನ್ನಣ್ಣ ವೇಯೊ ಗಿಟಾರು ಹಿಡಿದು ಹಾಡುತ್ತಿದ್ದ. ಹಾಡುವುದು ಎಂದರೆ ಗಂಟಲ ಆಳದಿಂದ ಕರಡಿಯಂತೆ ಗುರುಗುಟ್ಟುವುದು. ನನ್ನದು ಬೇಸ್ ಗಿಟಾರು. ಡ್ರಮ್ಮು ಓಯ್ವಾನದು. ಪರಲೋಕದ ಬಾಗಿಲು ತೆರೆಯುವಷ್ಟು ನಿಧಾನವಾದ, ಕಬ್ಬಿಣದ ಗಟ್ಟಿಯಷ್ಟು ಭಾರವಾದ ಈ ಸಂಗೀತಕ್ಕೆ ಜಗತ್ತು ಡೂಮ್ ಮೆಟಲ್ ಎನ್ನುತ್ತದೆ. ನಮ್ಮೂರಿನವರು ಗಲಾಟೆ ಎನ್ನುತ್ತಿದ್ದರು.

ನಮ್ಮದು ಅಷ್ಟು ನಿಧಾನ ಯಾಕೆ ಎಂದು ಕೇಳದವರಿಲ್ಲ. ಶೋಕ ಎನ್ನುತ್ತಾರೆ, ಚಳಿಗಾಲದ ಕತ್ತಲು ಎನ್ನುತ್ತಾರೆ. ನಿಜ ಹೇಳಲಾ? ಶನಿವಾರ ಭಾನುವಾರ ಶಾಲೆಯ ಹಾಲ್‌ಗೆ ಬಿಸಿ ಬಿಡುತ್ತಿರಲಿಲ್ಲ, ಬೆರಳು ಸೆಟೆದುಹೋಗುತ್ತಿತ್ತು. ಬೆಚ್ಚಗಿದ್ದದ್ದು ನೆಲಮಾಳಿಗೆಯ ಬಾಯ್ಲರ್ ಕೋಣೆ ಒಂದೇ. ಅಲ್ಲಿ ಬಿಸಿನೀರು ತಳ್ಳುವ ಹಳೆಯ ಪಂಪೊಂದು ಹಗಲೂ ರಾತ್ರಿ ಧಡ್… ಧಡ್… ಎಂದು ಬಡಿಯುತ್ತಿತ್ತು. ಓಯ್ವಾ ಅದಕ್ಕಿಂತ ಜೋರಾಗಿ ಬಾರಿಸಲು ಹೋಗಿ ಪ್ರತಿ ಸಲ ದಾರಿ ತಪ್ಪುತ್ತಿದ್ದ. ಕೊನೆಗೆ ಸೋತು ಪಂಪಿನ ಹೆಜ್ಜೆಗೇ ಹೆಜ್ಜೆ ಹಾಕಿದ. ಅಷ್ಟೇ ಕಣ್ರೀ. ಇವತ್ತು ಜಪಾನಿನಲ್ಲಿ, ಚಿಲಿಯಲ್ಲಿ ಹುಡುಗರು ನಮ್ಮೂರ ಶಾಲೆಯ ಪಂಪಿನ ತಾಳಕ್ಕೆ ತಲೆ ಕುಣಿಸುತ್ತಾರೆ.

ಆ ಪಂಪಿನ ಯಜಮಾನ ಅರ್ವೋ. ಮೂವತ್ತನಾಲ್ಕು ವರ್ಷ ಜವಾನನಾಗಿದ್ದ. ಮದುವೆಯಾಗಲಿಲ್ಲ, ಯಾಕೆಂದು ಯಾರೂ ಕೇಳಲೂ ಇಲ್ಲ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅದರ ಸದ್ದು ಕೇಳಿದರೆ ಮಕ್ಕಳು ಓಟ ಕೀಳುತ್ತಿದ್ದರು. ಮಾತು ಕಡಿಮೆ, ಬೈಗುಳ ಧಾರಾಳ. ಅವನಿಗೆ ಒಂದು ವಿದ್ಯೆ ಇತ್ತು: ಗೋಡೆಗೆ ಅಂಗೈ ಒತ್ತಿ ಎಷ್ಟು ಡಿಗ್ರಿ ಬಿಸಿ ಎಂದು ಹೇಳುತ್ತಿದ್ದ. ಮೇಷ್ಟ್ರು ಥರ್ಮಾಮೀಟರ್ ತಂದು ಎಷ್ಟೋ ಸಲ ಪರೀಕ್ಷೆ ಮಾಡಿದರು. ಒಂದು ಡಿಗ್ರಿಯೂ ಆಚೀಚೆ ಆಗುತ್ತಿರಲಿಲ್ಲ.

ಕೋಣೆ ಕೇಳಲು ನಾವು ಹೋದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ.

“ಏನ್ ಬಾರಿಸ್ತೀರಿ?”

“ಮೆಟಲ್,” ಎಂದ ವೇಯೊ.

“ಅಲ್ಲಿರೋದೆಲ್ಲ ಮೆಟಲ್ಲೇ. ಬಾಯ್ಲರ್ ಮುಟ್ಟಿದ್ರೆ ಕೈ ಮುರೀತೀನಿ.”

ತೊಂಬತ್ತಮೂರರ ನವೆಂಬರಿನ ಒಂದು ಶನಿವಾರ ಶಾಲೆಯ ರೀಲ್ ಮೆಷಿನ್ನನ್ನೂ ಎರಡು ಮೈಕನ್ನೂ ಅವನೇ ಹೊತ್ತು ತಂದು ಕೊಟ್ಟ. ಬೆಳಿಗ್ಗೆಯಿಂದ ಸಂಜೆವರೆಗೆ ಕೆಡಿಸಿ, ಮತ್ತೆ ನುಡಿಸಿ, ಐದು ಹಾಡು ಮುಗಿಸಿದೆವು. ತಿದ್ದುವುದು, ಸೇರಿಸುವುದು ಏನೂ ಇಲ್ಲ. ಹಸಿಹಸಿಯಾಗಿ ಬಿದ್ದದ್ದೇ ಬಿದ್ದದ್ದು. ಐದನೆಯ ಹಾಡಿನ ಕೊನೆಯ ಸದ್ದು ಇನ್ನೂ ಗೋಡೆಯಲ್ಲಿ ಅದುರುತ್ತಿರುವಾಗಲೇ ಅರ್ವೋ ಬಾಗಿಲು ಒದ್ದು ಒಳಬಂದು ವಾಚಾಮಗೋಚರ ಬೈದ. ಧಡಾರನೆ ಬಾಗಿಲು ಹಾಕಿಕೊಂಡು ಹೋದ. ನಾವು ನಕ್ಕೆವು. ಅವನ ಬೈಗುಳ ನಮಗೇನು ಹೊಸದೇ? ಮೆಷಿನ್ ಇನ್ನೂ ಓಡುತ್ತಿತ್ತು. ವೇಯೊ ಏನೋ ಹೇಳಿದ. ಏನೆಂದು ನೆನಪಿಲ್ಲ. ಮನೆಗೆ ಹೋದೆವು.

ಮುಂದಿನ ಗುರುವಾರ ವೇಯೊ ಆಚೆ ದಡಕ್ಕೆ ಹೋಗಲು ಸರೋವರದ ಮೇಲೆ ನಡೆದ. ಮಂಜುಗಡ್ಡೆ ಇನ್ನೂ ಎಳೆಯದು. ಅವನಿಗೆ ಇಪ್ಪತ್ತು ವರ್ಷ. ಅದರ ಬಗ್ಗೆ ಇಷ್ಟೇ ಹೇಳುತ್ತೇನೆ.

ಮಣ್ಣು ಮಾಡಿ ಬಂದ ಮೂರನೆಯ ದಿನ ಅರ್ವೋ ನಮ್ಮ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಬೂಟಿನ ಪೆಟ್ಟಿಗೆ. ಅದರ ತುಂಬ ಕ್ಯಾಸೆಟ್ಟುಗಳು, ಅರವತ್ತಿದ್ದವು. ಒಂದೊಂದನ್ನೂ ಕೂತು ನಕಲು ಮಾಡಿ, ಮೇಲೆ ‘ಪನ್ನುಹುವೊನೆ’ ಎಂದು ಬರೆದಿದ್ದ. ಯಾರೂ ಕೇಳಿರಲಿಲ್ಲ.

“ಅವನದು,” ಎಂದ. ಒಳಗೆ ಬರಲಿಲ್ಲ, ಕಾಫಿ ಕುಡಿಯಲಿಲ್ಲ.

“ರೀಲು ಎಲ್ಲಿ ಮಾಮ?” ಎಂದೆ.

“ಅಳಿಸ್ಹೋಯ್ತು. ಮೇಲೆ ಕ್ರಿಸ್ಮಸ್ ಕಾರ್ಯಕ್ರಮ ಹಿಡಿದ್ರು.”

ಆ ಕ್ಯಾಸೆಟ್ಟುಗಳನ್ನು ವೇಯೊನ ನೋಟುಬುಕ್ಕಿನಲ್ಲಿದ್ದ ವಿಳಾಸಗಳಿಗೆಲ್ಲ ನಾನು ಅಂಚೆಗೆ ಹಾಕಿದೆ. ಅಲ್ಲಿಂದ ನಕಲಿನ ನಕಲು, ಅದರ ನಕಲು. ಹತ್ತು ವರ್ಷ ಕಳೆಯುವಷ್ಟರಲ್ಲಿ ಜನ ಬರತೊಡಗಿದರು. ಶಾಲೆಯ ನೆಲಮಾಳಿಗೆಯ ಬಾಗಿಲಿನ ಫೋಟೋ ತೆಗೆಯುತ್ತಿದ್ದರು. ಬ್ರೆಜಿಲಿನವನು ಬಾಯ್ಲರನ್ನು ತಬ್ಬಿಕೊಂಡು ಅಂಗಿ ಸುಟ್ಟುಕೊಂಡ. ಅರ್ವೋ ಎಲ್ಲರಿಗೂ ಬಾಗಿಲು ತೆಗೆದುಕೊಡುತ್ತಿದ್ದ, ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ನನ್ನಮ್ಮ ಇಂಪಿ ಮಾತ್ರ ಒಂದು ದಿನವೂ ಅದನ್ನು ಕೇಳಲಿಲ್ಲ. ಒಮ್ಮೆ ಹಾಕಿದೆ. ಅರ್ಧ ನಿಮಿಷಕ್ಕೆ ಕೈಯೆತ್ತಿ ನಿಲ್ಲಿಸು ಎಂದಳು. “ಈ ಕರಡಿ ನನ್ ಮಗ ಅಲ್ಲ ಕಣೇ.” ಅವಳದು ಬೇರೆಯೇ ಲೆಕ್ಕ. ಪ್ರತಿ ಶನಿವಾರ ಸೌನಾದಿಂದ, ಅಂದರೆ ಹಬೆಸ್ನಾನದ ಮರದ ಕೋಣೆಯಿಂದ, ಎಲ್ಲರೂ ಹೊರಬಂದ ಮೇಲೆ ಅವಳೊಬ್ಬಳೇ ಹಿಂದೆ ಉಳಿಯುತ್ತಾಳೆ. ಕಾದ ಕಲ್ಲಿನ ಮೇಲೆ ಕೊನೆಯ ಒಂದು ಸೌಟು ನೀರು ಹಾಕುತ್ತಾಳೆ. ಆ ಕೊನೆಯ ಹಬೆ ಬದುಕಿರುವವರದಲ್ಲ, ಹೋದವರ ಪಾಲು. ಅವಳ ಅಮ್ಮನೂ ಹಾಗೇ ಮಾಡುತ್ತಿದ್ದಳು. ಮೂವತ್ತು ವರ್ಷದಿಂದ ಅದು ವೇಯೊನ ಪಾಲು.

ಕಳೆದ ವರ್ಷ ನಮ್ಮೂರ ಶಾಲೆ ಮುಚ್ಚಿದರು. ಒಂಬತ್ತು ಮಕ್ಕಳಿಗಾಗಿ ಬಾಯ್ಲರ್ ಉರಿಸುವುದಿಲ್ಲ ಎಂದರು. ಶಾಲೆಯ ಟ್ಯಾಕ್ಸಿ ಓಡಿಸುತ್ತಿದ್ದ ನನ್ನ ಕೆಲಸವೂ ಅದರ ಜೊತೆಗೇ ಹೋಯಿತು. ಸಾಮಾನು ಹೊರಗೆ ಹಾಕುವಾಗ ನಾನೂ ಕೈಜೋಡಿಸಿದೆ. ಬಾಯ್ಲರ್ ಕೋಣೆಯ ಕಪಾಟಿನಲ್ಲಿ, ಪೊರಕೆಗಳ ಹಿಂದೆ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಚಪ್ಪಟೆ ಡಬ್ಬ. ಬಿಚ್ಚಿದೆ. ಪೆನ್ಸಿಲಿನ ಅಕ್ಷರ: ಪನ್ನುಹುವೊನೆ.

ನನಗೆ ಎಂಥ ಸಿಟ್ಟು ಬಂತೆಂದರೆ, ಡಬ್ಬ ಹಿಡಿದುಕೊಂಡು ನೇರ ಸರೋವರದ ದಡದಲ್ಲಿರುವ ಅವನ ಗುಡಿಸಲಿಗೆ ಹೋದೆ. ಆಗ ಅರ್ವೋಗೆ ಎಂಬತ್ತೊಂದು. ಮೆಟ್ಟಿಲ ಮೇಲೆ ಕೂತು ಮೀನು ಹೆರೆಯುತ್ತಿದ್ದ.

“ಅಳಿಸ್ಹೋಯ್ತು ಅಂದ್ಯಲ್ಲ ಮಾಮ! ಇದೇನಿದು? ಮೂವತ್ತು ವರ್ಷ ಸುಳ್ಳು ಹೇಳೋಕೆ ನಾಚ್ಕೆ ಆಗಲ್ವಾ?”

ಅವನು ಡಬ್ಬ ನೋಡಿದ. ಚಾಕು ಕೆಳಗಿಟ್ಟ.

“ಆಗುತ್ತೆ,” ಎಂದ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತೋ ಏನೋ. ಮಾತಿನ ಭರದಲ್ಲಿ, ಕೊನೆಯ ಹಾಡು ಮುಗಿದ ಮೇಲೂ ಮೆಷಿನ್ ಓಡುತ್ತಿತ್ತು, ವೇಯೊ ಏನೋ ಮಾತಾಡಿದ್ದ, ಅದೂ ಇದರಲ್ಲಿ ಇರಬೇಕು ಎಂದುಬಿಟ್ಟೆ.

ಅಮ್ಮ ಕೈಯಲ್ಲಿದ್ದ ಲೋಟ ಮೇಜಿನ ಮೇಲಿಟ್ಟಳು. “ಮಾತಾ? ಕರಡಿ ಥರ ಅಲ್ಲ, ಮಾತು?”

“ಹೂಂ. ಮಾಮೂಲಿ ಮಾತು.”

“ಕೈಸು, ಅವನ ಮುಖ ನೆನಪಿದೆ, ಫೋಟೋ ಇದೆ. ದನಿ ಹೊರಟ್ಹೋಗಿದೆ ಕಣೇ. ಎಷ್ಟು ನೆನೆಸ್ಕೊಂಡ್ರೂ ಬರಲ್ಲ. ‘ಅಮ್ಮಾ, ಕಾಫಿ ಇದ್ಯಾ’ ಅಂತಿದ್ದ. ಹೆಂಗಂತಿದ್ದ?” ಎಂದು ನನ್ನನ್ನೇ ಕೇಳಿದಳು. ನನಗೂ ಹೇಳಲು ಬರಲಿಲ್ಲ. ಅಮ್ಮನಿಗೆ ಎಂಬತ್ತನಾಲ್ಕು. ಎಡಕಿವಿ ಆಗಲೇ ಹೋಗಿತ್ತು. ಬಲಗಿವಿ ಆ ಶರತ್ಕಾಲದವರೆಗೆ ಉಳಿದರೆ ಹೆಚ್ಚು ಎಂದು ಡಾಕ್ಟರು ವಸಂತದಲ್ಲೇ ಹೇಳಿದ್ದರು. ಆಗ ಜೂನ್ ತಿಂಗಳು.

ಹೆಲ್ಸಿಂಕಿಯಲ್ಲಿ ರಾಸ್ಮುಸ್ ಎಂಬೊಬ್ಬನಿದ್ದಾನೆ. ಹಳೆಯ ಮೆಟಲ್ ತಂಡಗಳ ಧ್ವನಿಮುದ್ರಿಕೆ ಹೊರತರುವವನು. ವರ್ಷಕ್ಕೊಮ್ಮೆ ಫೋನ್ ಮಾಡಿ ರೀಲಿನ ಸುಳಿವು ಸಿಕ್ಕಿತಾ ಎಂದು ಕೇಳುತ್ತಿದ್ದ. ಸಿಕ್ಕಿತು ಎಂದಾಗ ಅವನ ಉಸಿರು ನಿಂತದ್ದು ನನಗೇ ಕೇಳಿಸಿತು. ಆಮೇಲೆ ಒಂದೇ ಸಮನೆ ಎಚ್ಚರಿಸಿದ. ಈ ಜಾತಿಯ ಟೇಪು ವರ್ಷಗಳು ಕಳೆದಂತೆ ಗಾಳಿಯ ತೇವ ಹೀರಿ ಅಂಟಂಟಾಗುತ್ತದಂತೆ. ಹಾಗೇ ನುಡಿಸಿದರೆ ಸದ್ದು ಹೊತ್ತ ಕಂದು ಲೇಪವೆಲ್ಲ ಕಿತ್ತು ಬಂದು, ಬರಿಯ ಪ್ಲಾಸ್ಟಿಕ್ ಪಟ್ಟಿ ಉಳಿಯುತ್ತದಂತೆ. ಮೊದಲು ಒಣಗಿಸಬೇಕು. ಐವತ್ತನಾಲ್ಕು ಡಿಗ್ರಿ, ಎಂಟು ತಾಸು, ಒಂದೇ ಸಮ. ಅರವತ್ತು ದಾಟಿದರೆ ಟೇಪು ಮುಗಿಯಿತು. ಒಂದು ಹನಿ ತೇವ ತಾಗಿದರೂ ಮುಗಿಯಿತು.

“ನನಗೆ ಕಳಿಸಿಕೊಡಿ. ನಮ್ಮಲ್ಲಿ ಅದಕ್ಕೆ ಅಂತಲೇ ಓವನ್ ಇದೆ. ಸರದಿ ಅಕ್ಟೋಬರ್‌ಗೆ ಬರುತ್ತೆ.”

ನಾನು ಫೋನ್ ಮಾಡಿದ್ದು ಅರ್ವೋನ ದೋಣಿಕಟ್ಟೆಯಿಂದ, ಅಮ್ಮನ ವಿಷಯ ಅವನಿಗೂ ಹೇಳಿದ್ದೆ. ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದವನು ಫೋನು ಕಸಿದುಕೊಂಡು, “ಅಕ್ಟೋಬರ್ ಆಗಲ್ಲ,” ಎಂದ. “ಇಂಪಿ ಕಿವಿ ಅಲ್ಲೀವರೆಗೆ ಕಾಯಲ್ಲ. ಐವತ್ತನಾಲ್ಕು ತಾನೆ? ನನ್ ಸೌನಾದಲ್ಲಿ ಆಗುತ್ತೆ.”

“ನೀವು… ನೀವು ಸೌನಾ ಅಂದ್ರಾ?”

ಹೆಲ್ಸಿಂಕಿಯವನ ಬಹುವಚನ ಕೇಳಿ ಅರ್ವೋ ಬೆನ್ನ ಹಿಂದೆ ಇನ್ಯಾರಿದ್ದಾರೆ ಎಂದು ತಿರುಗಿ ನೋಡಿದ. “ನಾನೊಬ್ನೇ ಅಂದಿದ್ದು. ಸೌನಾ. ಕಟ್ಟಿಗೆ ಒಲೆ.”

“ಕಟ್ಟಿಗೆ ಒಲೇಲಿ ಎಂಟು ತಾಸು ಒಂದೇ ಡಿಗ್ರಿ ಹಿಡಿಯೋಕೆ ಯಾರಿಂದ್ಲೂ ಆಗಲ್ಲ!”

“ನಿನ್ನಿಂದ ಆಗಲ್ಲ,” ಎಂದು ಅರ್ವೋ ಫೋನು ನನಗೆ ಕೊಟ್ಟ.

ಶನಿವಾರ ಬೆಳಿಗ್ಗೆ ಏಳಕ್ಕೆ ಒಲೆ ಹಚ್ಚಿದ. ಒಂದು ಗಂಟೆ ಕಾಲ ಕೋಣೆ ಕಾಯಿಸಿ, ಮೇಲಿನ ಹಲಗೆಯ ಮೇಲೆ ಒಣ ಟವೆಲು ಹಾಸಿ, ಅದರ ಮೇಲೆ ರೀಲು ಮಲಗಿಸಿದ. ಆಮೇಲೆ ಬರ್ಚ್ ಕಟ್ಟಿಗೆಯ ಬೆರಳು ದಪ್ಪದ ಸೀಳುಗಳನ್ನು ಒಂದೊಂದಾಗಿ ಒಲೆಗೆ ಕೊಡುತ್ತಾ ಕೂತ. ಗೋಡೆಗೆ ಅಂಗೈ ಒತ್ತುವುದು, ಕಣ್ಣು ಮುಚ್ಚುವುದು, ಒಂದು ಸೀಳು ಹಾಕುವುದು. ನಾನು ಹಟಕ್ಕೆ ಬಿದ್ದು ಥರ್ಮಾಮೀಟರ್ ತೂಗುಹಾಕಿದ್ದೆ. ಐವತ್ತನಾಲ್ಕು. ಒಂಬತ್ತಕ್ಕೂ ಐವತ್ತನಾಲ್ಕು, ಹನ್ನೊಂದಕ್ಕೂ ಐವತ್ತನಾಲ್ಕು. ನೋಡುತ್ತಾ ನೋಡುತ್ತಾ ನನ್ನ ಸಿಟ್ಟು ಇಳಿಯಿತು, ಬದಲಿಗೆ ಹೆದರಿಕೆ ಹತ್ತಿಕೊಂಡಿತು. ಎಂಬತ್ತೊಂದು ವರ್ಷದ ಮುದುಕ ಆ ಸೆಕೆಯಲ್ಲಿ ಅಂಗಿ ಬೆವರಿ ತೊಯ್ದುಹೋಗಿ ಕೂತಿದ್ದಾನೆ. ಅಮ್ಮ ಅವನ ಅಡುಗೆಮನೆಯಲ್ಲಿ, ಶಾಲೆಯಿಂದ ತಂದಿಟ್ಟ ಹಳೆಯ ರೀಲ್ ಮೆಷಿನ್ನಿನ ಎದುರು, ಚರ್ಚಿಗೆ ಹೋಗುವ ಉಡುಪು ತೊಟ್ಟು ಕೂತಿದ್ದಾಳೆ. ನಡುವೆ ನಾನು ಓಡಾಡುತ್ತಿದ್ದೇನೆ.

“ನೀರು ಕುಡಿ ಮಾಮ. ಸತ್ರೆ ರೀಲು ಯಾರು ನೋಡ್ಕೋತಾರೆ?”

“ಆಚೆ ಹೋಗು. ಬಾಗಿಲು ತೆಗೆದಾಗೆಲ್ಲ ಅರ್ಧ ಡಿಗ್ರಿ ಕದೀತಿದೀಯ.”

ಮಧ್ಯಾಹ್ನ ಎರಡಕ್ಕೆ ಆರು ತಾಸು ಮುಗಿದಿತ್ತು. ಸೀಳುಗಳು ಖಾಲಿಯಾದವೆಂದು, ಇನ್ನಷ್ಟು ಸೀಳಿ ತರಲು ಅರ್ವೋ ಕಟ್ಟಿಗೆಮನೆಗೆ ಹೋದ. ಗುಡಿಸಲಿನಲ್ಲಿ ಫೋನು ಸಿಗುವುದಿಲ್ಲ. ರಾಸ್ಮುಸ್‌ಗೆ ಸುದ್ದಿ ಹೇಳಲು ನಾನು ದೋಣಿಕಟ್ಟೆಗೆ ಹೋದೆ. ಎಲ್ಲ ಸರಿಯಾಗಿದೆ ಎಂದು ಹೇಳಿ ತಿರುಗಿದರೆ ಸೌನಾದ ಸಣ್ಣ ಕಿಟಕಿಯ ಗಾಜು ಬೆಳ್ಳಗಾಗುತ್ತಿತ್ತು.

ಒಣ ಕೋಣೆಯ ಗಾಜು ಬೆಳ್ಳಗಾಗುವುದಿಲ್ಲ.

ಓಡಿದೆ. ಅರ್ವೋನೂ ನೋಡಿದ್ದ, ಕಟ್ಟಿಗೆ ಅಲ್ಲೇ ಚೆಲ್ಲಿ, ಆ ವಯಸ್ಸಿನಲ್ಲಿ ನನಗಿಂತ ಮೊದಲು ಬಾಗಿಲು ತಲುಪಿದ. ಒಳಗೆ ಕೆಳಗಿನ ಹಲಗೆಯ ಮೇಲೆ ಅಮ್ಮ ಕೂತಿದ್ದಳು. ಕೈಯಲ್ಲಿ ಮರದ ಸೌಟು. ಕಲ್ಲುಗಳು ಚುಯ್ಯೆನ್ನುತ್ತಿದ್ದವು, ಕೋಣೆ ತುಂಬ ಹಬೆ.

“ಏನ್ ಮಾಡ್ಬಿಟ್ಟೆ ಅಮ್ಮಾ!” ಎಂದು ಕಿರುಚಿದೆ.

ಅಮ್ಮ ಸೌಟು ನೋಡಿದಳು, ಮೇಲೆ ರೀಲು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, “ಅವನ ಜೊತೆ ಸ್ವಲ್ಪ ಹೊತ್ತು ಕೂತ್ಕೊಳ್ಳೋಣ ಅಂತ ಬಂದೆ ಕೈಸು. ಹತ್ತು ನಿಮಿಷ ಕೂತೆ. ಏಳೋವಾಗ… ಶನಿವಾರ ಅಲ್ವಾ. ಕೈ ತಾನೇ ಹೋಯ್ತು. ಅವನ ಪಾಲು ಹಾಕ್ದೆ,” ಎಂದಳು.

ಅವಳನ್ನು ಬೈಯಲು ಯಾವ ಬಾಯಿಂದ ಬೈಯಲಿ? ಸೌನಾದಿಂದ ಏಳುವಾಗ ಕಲ್ಲಿಗೆ ನೀರು ಹಾಕದೆ ಬರುವ ಹೆಂಗಸು ನಮ್ಮ ಸೀಮೆಯಲ್ಲೇ ಇಲ್ಲ. ಆದರೂ ಬೈದೆ, ದೇವರು ನನ್ನನ್ನು ಕ್ಷಮಿಸಲಿ. ಇಡೀ ದಿನದ ಹೆದರಿಕೆಯೆಲ್ಲ ಬಾಯಿಗೆ ಬಂದುಬಿಟ್ಟಿತ್ತು. ಫೋನು ಇನ್ನೂ ಕೈಯಲ್ಲೇ ಇತ್ತು, ಮತ್ತೆ ಕಟ್ಟೆಗೆ ಓಡಿ ರಾಸ್ಮುಸ್‌ಗೆ ಹೇಳಿದೆ. ಅವನು ಕೂಗಾಡಿದ. ನೀರು ಕುಡಿದ ಟೇಪನ್ನು ಮತ್ತೆ ಕಾಯಿಸಿದರೆ ಸುತ್ತುಗಳು ಒಂದಕ್ಕೊಂದು ಅಂಟಿ ಬಂಡೆಯಾಗುತ್ತದೆ. ತಣ್ಣಗಾಗಲು ಬಿಟ್ಟರೂ ಅಂಟುತ್ತದೆ. ಹಾಗೇ ನುಡಿಸಿದರೆ ಲೇಪ ಕಿತ್ತು ಬರುತ್ತದೆ. “ಮುಗೀತು! ಮೂವತ್ತು ವರ್ಷ ಕಾದಿದ್ದು ಒಂದು ಸೌಟಿಗೆ ಮುಗೀತು!”

ನಾನು ವಾಪಸು ಬಂದಾಗ ಅರ್ವೋ ಸೌನಾದ ಹೊಸ್ತಿಲಲ್ಲೇ ನಿಂತಿದ್ದ. ಕನ್ನಡಕದ ಮೇಲೆಲ್ಲ ಹಬೆ ಕೂತು ಏನೂ ಕಾಣದೆ, ಅದನ್ನು ತೆಗೆದು ಅಂಗಿಗೆ ಒರೆಸುತ್ತಿದ್ದ. ಒರೆಸುವುದನ್ನು ನಿಲ್ಲಿಸಿದ. ಅಮ್ಮನ ಮುಖವನ್ನೇ ನೋಡಿದ.

“ಇಂಪಿ, ನಿನ್ ಕನ್ನಡಕ ಒರೆಸ್ಕೊಂಡ್ಯಾ?”

“ಇಲ್ಲಪ್ಪ.”

ಅಮ್ಮನ ಕನ್ನಡಕ ತಿಳಿಯಾಗಿತ್ತು. ಒಂದು ಚುಕ್ಕೆ ಮಂಜಿಲ್ಲ.

“ನಾನು ಹೊರಗಿಂದ ಬಂದೆ, ಗಾಜು ತಣ್ಣಗಿತ್ತು, ಹಬೆ ಕೂತ್ಕೊಳ್ತು,” ಎಂದ ಅರ್ವೋ, ತನಗೆ ತಾನೇ ಹೇಳಿಕೊಳ್ಳುವಂತೆ. “ನಿಂದು ಒಳಗೇ ಕಾದಿತ್ತು. ಕೂತ್ಕೊಂಡಿಲ್ಲ. ರೀಲು ನಿನಗಿಂತ ಮೊದಲಿಂದ ಒಳಗೇ ಇದೆ.” ಬೈಗುಳ ಬಿಟ್ಟರೆ ಅಲ್ಲಿಯವರೆಗೆ ಅವನಾಡಿದ ಅತಿ ಉದ್ದನೆಯ ಮಾತು ಅದಿರಬೇಕು. “ತಣ್ಣಗಾಗೋಕೆ ಮುಂಚೆ ನುಡಿಸ್ಬೇಕು. ಈಗ್ಲೇ. ಕೈಸು, ದಾರಿ ಬಿಡು.”

ಬಿಸಿ ಟವೆಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಅಡುಗೆಮನೆಗೆ ನಡೆದ. ಮೆಷಿನ್ನನ್ನು ಬೆಳಿಗ್ಗೆಯೇ ಸ್ಪಿರಿಟ್ ಹಚ್ಚಿ ಒರೆಸಿಟ್ಟಿದ್ದ. ಸದ್ದು ಇಳಿಸಿಕೊಳ್ಳಲು ನಾನು ಕಂಪ್ಯೂಟರ್ ತಂದಿಟ್ಟಿದ್ದೆ. ಅದಕ್ಕೆ ವೈರು ಚುಚ್ಚಲು ನನಗೆ ಮೂರು ಸಲ ಬೇಕಾಯಿತು. ಎಷ್ಟು ಹೊತ್ತು ಓಡುತ್ತದೋ ಗೊತ್ತಿಲ್ಲ. ಹತ್ತು ನಿಮಿಷಕ್ಕೇ ಅಂಟಿ ನಿಂತರೂ ನಿಂತಿತು. ಮೊದಲಿನಿಂದ ಹಾಕಿದರೆ ಹಾಡುಗಳು ಉಳಿಯುತ್ತವೆ, ಕೊನೆಯ ಮಾತು ಉಳಿಯುವ ಖಾತ್ರಿ ಇಲ್ಲ. ಆದರೆ ಆ ರೀಲನ್ನು ಯಾರೂ ಹಿಂದಕ್ಕೆ ಸುತ್ತಿರಲಿಲ್ಲ, ಕೊನೆಯ ಭಾಗವೇ ಹೊರಗಿತ್ತು. ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಸಾಕು.

ಜಗತ್ತಿನ ಯಾವ ಮೂಲೆಯಲ್ಲೋ ಈ ಹಾಡುಗಳಿಗಾಗಿ ಕಾದಿರುವ ಸಾವಿರ ಜನ ನನ್ನ ತಲೆಯಲ್ಲಿದ್ದರು. ಅರ್ವೋನ ತಲೆಯಲ್ಲಿ ಇದ್ದದ್ದು ಬೇರೆ.

ಅಮ್ಮ ಕುರ್ಚಿಯನ್ನು ಎಳೆದುಕೊಂಡು, ಬಲಗಿವಿ ಸ್ಪೀಕರಿನ ಕಡೆಗೆ ಬರುವಂತೆ ತಿರುಗಿ ಕೂತಳು.

ಅರ್ವೋ ತೋರುಬೆರಳಿನಿಂದ ರೀಲನ್ನು ಹಿಂದಕ್ಕೆ ತಿರುಗಿಸತೊಡಗಿದ, ಒಂದು ಸುತ್ತು, ಇನ್ನೊಂದು ಸುತ್ತು. “ಇಂಪಿ,” ಎಂದ, ಮುಖ ಎತ್ತದೆ. “ಇದರಲ್ಲಿ ನಾನಿದೀನಿ. ಅವನನ್ನ ಬೈದಿದೀನಿ. ಕೆಟ್ಟದಾಗಿ. ಹಾಳಾಗ್ ಹೋಗು ಅಂದಿದೀನಿ. ಆಮೇಲೆ ಅವನನ್ನ ನಾನು ನೋಡ್ಲೇ ಇಲ್ಲ. ಅವನು ಹೋದ್ಮೇಲೆ ಕ್ಯಾಸೆಟ್ಟಿಗೆ ಇಳಿಸೋಕೆ ಒಂದ್ಸಲ ಹಾಕ್ದೆ, ಹಾಡು ಮುಗಿದು ನನ್ ದನಿ ಬಂತು, ಮುಂದೆ ಕೇಳೋಕಾಗ್ಲಿಲ್ಲ. ಕ್ಯಾಸೆಟ್ಟಲ್ಲಿ ಹಾಡಷ್ಟೇ ಉಳಿಸ್ದೆ. ಸದ್ದು ಮುಚ್ಚಿ ಕೊನೇವರೆಗೂ ಓಡಿಸಿ ಎತ್ತಿಟ್ಟೆ. ನಿನ್ನ ಕಿವಿಗೆ ಅದು ಬೀಳೋದು ಬೇಡ ಅಂತ ಅಳಿಸ್ಹೋಯ್ತು ಅಂದೆ.”

ಮೂವತ್ತು ವರ್ಷ. ಆ ಬೂಟಿನ ಪೆಟ್ಟಿಗೆ, ಆ ಅರವತ್ತು ಕ್ಯಾಸೆಟ್ಟು.

“ಅವನನ್ನ ಬೈಯ್ದೇ ಇದ್ದೋರು ಯಾರು?” ಎಂದಳು ಅಮ್ಮ. “ಆ ಗುರುವಾರ ಬೆಳಿಗ್ಗೆ ನಾನೂ ಬೈದೆ, ಬೂಟು ಒರೆಸ್ಲಿಲ್ಲ ಅಂತ. ಹಾಕು.”

ಗುಂಡಿ ಒತ್ತಿದ.

ಮೊದಲು ಕಿರುಗುಟ್ಟುವ ಸದ್ದು, ಟೇಪು ಅಂಟುತ್ತಿದೆ; ಆಮೇಲೆ ನಾಲ್ಕನೆಯ ಹಾಡು ಇಳಿಸುವಾಗ ಬಂದದ್ದೂ ಇದೇ ಸದ್ದು. ಅರ್ವೋ ಬೆರಳಿನಿಂದ ರೀಲಿಗೆ ಕೂದಲೆಳೆಯಷ್ಟು ಒತ್ತಾಸೆ ಕೊಟ್ಟ, ಕಿರುಗುಟ್ಟುವುದು ನಿಂತಿತು. ಧಡ್… ಧಡ್… ಪಂಪು. ನನ್ನದೇ ಬೇಸ್ ಗಿಟಾರಿನ ಕೊನೆಯ ತಂತಿ ಅದುರಿ ಅದುರಿ ಸಾಯುತ್ತಿದೆ. ಬಾಗಿಲು ತೆರೆದ ಸದ್ದು. ಆಮೇಲೆ ಐವತ್ತು ವರ್ಷದ ಅರ್ವೋನ ಗಂಟಲು:

“ನಿಲ್ಸ್ರೋ ಸಾಕು! ಸಾಯೋ ದನಾನೂ ಇದಕ್ಕಿಂತ ಚೆನ್ನಾಗ್ ಕೂಗುತ್ತೆ. ಗೋಡೆ ಸುಣ್ಣ ಎಲ್ಲ ಉದುರ್ತಿದೆ ಮೇಲೆ! ನೀನು ಯಾವ ಜನ್ಮಕ್ಕೂ ಉದ್ಧಾರ ಆಗಲ್ಲ ವೇಯೊ. ಹಾಳಾಗ್ ಹೋಗು, ಇನ್ ನಿನ್ ಮುಖ ತೋರಿಸ್ಬೇಡ!”

ಧಡಾರ್. ಮುದುಕ ಅರ್ವೋ ನೆಲ ನೋಡುತ್ತಾ ನಿಂತಿದ್ದ. ಅವನು ಕೇಳಿದ್ದು ಇಲ್ಲಿಯವರೆಗೆ ಮಾತ್ರ.

ಧಡ್… ಧಡ್… ಆಮೇಲೆ ನಗು. ಮೂವರ ನಗು, ಅದರಲ್ಲಿ ಒಬ್ಬನದು ಕೊನೆಗೆ ಕೆಮ್ಮಾಗುವ ನಗು. ಅಮ್ಮನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

“ಅಬ್ಬಾ, ಅರ್ವೋ ಮಾಮ ಇವತ್ತು ಬಾಯ್ಲರ್‌ಗಿಂತ ಬಿಸಿ,” ಎಂದ ವೇಯೊ. ಗುರುಗುಟ್ಟಿ ಗುರುಗುಟ್ಟಿ ಬಳಲಿದ, ಸ್ವಲ್ಪ ಒಡಕಲು, ಮನೆಯ ದನಿ. “ಅಷ್ಟು ಬೈದ್ರೂ ಮೆಷಿನ್ ಆಫ್ ಮಾಡ್ಲಿಲ್ಲ ನೋಡು. ಪಾಪ ಕಣ್ರೋ, ಶನಿವಾರ ಪೂರ್ತಿ ನಮಗೋಸ್ಕರ ಕೂತಿದ್ದ.” ಏನೋ ಎತ್ತಿಡುವ ಸದ್ದು. “ಕೈಸು, ಅಮ್ಮ ಸೌನಾ ಹಚ್ಚಿರ್ತಾಳೆ. ಅರ್ವೋ ಮಾಮನ್ನೂ ಕರ್ಕೊಂಡ್ ಬಾ. ಶನಿವಾರಾನೂ ಒಬ್ನೇ ಇರ್ತಾನೆ.”

ಆಮೇಲೆ ಒಂದು ಹುಡುಗಿಯ ದನಿ. ಚೂಪು, ಸೊಟ್ಟ ಮೂತಿಯ ದನಿ. ಯಾರಿದು ಎಂದುಕೊಳ್ಳುವಷ್ಟರಲ್ಲಿ ಗೊತ್ತಾಯಿತು, ನಾನೇ.

“ನೀನೇ ಕರಿ. ನಂಗೆ ಹಸಿವು. ಆ ಗೊಣಗಪ್ಪ ಎಲ್ಲಿ ಬರ್ತಾನೆ?”

“ಬರ್ತಾನೆ ಕಣೇ. ಯಾರಾದ್ರೂ ಕರೆದ್ರೆ ತಾನೆ?”

ಹೆಜ್ಜೆಗಳು. ಧಡ್… ಧಡ್… ಟೇಪಿನ ತುದಿ ಕಳಚಿ, ರೀಲು ಪಟಪಟ ಬಡಿಯುತ್ತಾ ಸುತ್ತತೊಡಗಿತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಮ್ಮನ ಕಣ್ಣಿಂದ ನೀರು ಸುರಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. “ಅಮ್ಮ ಅಂದ,” ಎಂದಳು. “ಹಿಂಗೇ ಅಂತಿದ್ದ. ಹೌದು, ಹಿಂಗೇ.” ಎರಡು ಮೂರು ಸಲ ತುಟಿಯಲ್ಲೇ ಅದನ್ನು ಅಂದುಕೊಂಡಳು. ಆಮೇಲೆ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನನ್ನ ಕಡೆ ತಿರುಗಿದಳು.

“ಕೈಸು, ಕರೆದ್ಯಾ?”

“ಏನು?”

“ಅವತ್ತು ಅರ್ವೋನ ಕರೆದ್ಯಾ ಅಂದೆ.”

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಇಷ್ಟು ವರ್ಷ ಸುಳ್ಳು ಹೇಳಿದೆ ಎಂದು ಅವನನ್ನು ಬೈಯಲು ಓಡಿದವಳು ನಾನು. ನಾವು ಅವನ ಕೋಣೆಯ ಮುಂದೆಯೇ ಹಾದು ಮನೆಗೆ ಹೋಗಿದ್ದೆವು. ದೀಪ ಉರಿಯುತ್ತಿತ್ತು.

“ಇಲ್ಲಮ್ಮ,” ಎಂದೆ.

“ಈಗ ಕರಿ.”

ಅರ್ವೋ ಮೆಷಿನ್ನಿಗೆ ಬೆನ್ನು ಕೊಟ್ಟು ನಿಂತಿದ್ದ. ಸೊಂಟದ ಹತ್ತಿರ ಕೈ ತಡಕುತ್ತಿತ್ತು, ಎಂದೋ ಇಲ್ಲವಾದ ಬೀಗದ ಕೈಗಳನ್ನು ಹುಡುಕುವಂತೆ.

“ಅರ್ವೋ ಮಾಮ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಸಂಜೆ ಅಮ್ಮ ಸೌನಾ ಹಚ್ತಾಳೆ. ನಮ್ಮನೆಗೆ ಬಾ.”

ಅವನು ತಿರುಗಿ, ಸುತ್ತುತ್ತಲೇ ಇದ್ದ ರೀಲನ್ನು ನಿಲ್ಲಿಸಿದ. ಆಮೇಲೆ, “ಟವೆಲ್ ನಾನೇ ತರ್ಲಾ?” ಎಂದು ಕೇಳಿದ.